ಡೈರೆಕ್ಟರುಗಳಿಗೆ ಡಿಸೈನ್ ತೋರಿಸುವ ಮೊದಲು ಅದರೊಳಗಿನ ರೇಟು ಸರಿಮಾಡಿ

ಅಡಿಕೆ ಕೊಳ್ಳುವ ಕಂಪೆನಿಗೆ ಬೆಳೆಗಾರರ ಆ್ಯಪ್ ಡಿಸೈನ್ ಮಾಡಿದ್ದೀರಿ, ಅದನ್ನು ನೋಡಲು ಎದುರಿಗೆ ಎಂ.ಡಿ. ಮತ್ತು ನಾಲ್ವರು ಡೈರೆಕ್ಟರುಗಳು, ಸಿಕ್ಕಿರುವುದು ಅರ್ಧ ಗಂಟೆ. ಮೂರು ಡಿಸೈನ್ ತೋರಿಸಲೋ ಒಂದೋ, ಸ್ಲೈಡ್ ಎಷ್ಟು, ಇಂಗ್ಲಿಷಿನಲ್ಲೇ ಮಾತಾಡಬೇಕೋ ಎಂದು ಕೇಳಿದ್ದೀರಿ. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಈ ಕೆಲಸಕ್ಕಿಳಿದವರೆಲ್ಲ ಒಮ್ಮೆ ಕೇಳಿಯೇ ಕೇಳುವ ಪ್ರಶ್ನೆ, ನಾನೂ ಕೇಳಿದವನೇ. ಆದರೆ ಈ ಮೂರರಿಂದಲೂ ಮೀಟಿಂಗ್ ಕೆಡುವುದಿಲ್ಲ. ಕೆಡುವುದು ಸ್ಕ್ರೀನಿನ ಮೇಲಿನ ಸುಳ್ಳು ಅಂಕಿಯಿಂದ.

ಡಿಸೈನ್ ಮಾಡುವಾಗ ನಾವು ಬಾಯಿಗೆ ಬಂದ ಅಂಕಿ ತುಂಬಿಸಿಬಿಡುತ್ತೇವೆ. ‘ಪ್ರಾಡಕ್ಟ್ 1’, ತೂಕ 85 ಕೆ.ಜಿ., ದರ 400, ಮೊತ್ತ 36,500. ನಮಗೆ ಅದು ಅಕ್ಷರದ ಗಾತ್ರ ನೋಡಲಿಕ್ಕೆ ಇಟ್ಟದ್ದು. ಎದುರು ಕೂತವರೋ ವರ್ಷಗಟ್ಟಲೆ ತೂಕದ ಚೀಟಿ ನೋಡಿಯೇ ಆ ಕುರ್ಚಿಗೆ ಬಂದವರು. 85 ಗುಣಿಸು 400 ಅಂದರೆ 34,000 ಎನ್ನಲಿಕ್ಕೆ ಅವರಿಗೆ ಕ್ಯಾಲ್ಕುಲೇಟರ್ ಬೇಡ. ‘ಉಳಿದ ಎರಡೂವರೆ ಸಾವಿರ ಎಲ್ಲಿಂದ ಬಂತು ಮಾರಾಯ್ರೇ?’ ಎಂದು ಒಬ್ಬರು ಕೇಳುತ್ತಾರೆ. ‘ಸ್ಯಾಂಪಲ್ ಅಷ್ಟೆ ಸರ್’ ಎನ್ನುತ್ತೀರಿ. ಅಷ್ಟರಲ್ಲಿ ಇನ್ನೊಬ್ಬರು, ‘400 ಹೊಸ ಅಡಿಕೆಗೋ ಹಳತಕ್ಕೋ?’ ಮೂರನೆಯವರಿಗೆ ಪುತ್ತೂರಿನ ವ್ಯಾಪಾರಿ ನಿನ್ನೆ ಕೊಟ್ಟ ರೇಟು ನೆನಪಾಗುತ್ತದೆ. ಅಲ್ಲಿಂದ ಮಾತು ಅಡಿಕೆ ಪೇಟೆಗೆ ಹೋದರೆ ಹಿಂದೆ ತರುವುದು ಕಷ್ಟ. ಕೊನೆಗೆ ಎಂ.ಡಿ. ಗಡಿಯಾರ ನೋಡಿ, ‘ಒಳ್ಳೆದುಂಟು, ಇನ್ನೊಮ್ಮೆ ಕೂತು ನೋಡುವ’ ಎನ್ನುತ್ತಾರೆ. ಆ ಇನ್ನೊಮ್ಮೆ ಬರುವಾಗ ಎರಡು ತಿಂಗಳಾದರೂ ಆಗುತ್ತದೆ.

ಅವರಿಗೆ ಡಿಸೈನ್ ಅರ್ಥವಾಗುವುದಿಲ್ಲ ಎಂದು ಇದನ್ನು ವ್ಯಾಖ್ಯಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾರಾದರೂ ತನಗೆ ಗೊತ್ತಿರುವ ವಿಷಯವನ್ನೇ ಮೊದಲು ಹಿಡಿಯುತ್ತಾರೆ, ಅದು ಸಹಜ. ಲೆಕ್ಕವೇ ತಪ್ಪಿದ ಪರದೆಯಲ್ಲಿ ಮೆನು ಎಲ್ಲಿದ್ದರೇನು? ಬಿಲ್ಲು ತಪ್ಪಿದರೆ ಬೆಳೆಗಾರ ಬಂದು ಬಯ್ಯುವುದು ಅವರನ್ನು, ನಿಮ್ಮನ್ನಲ್ಲ.

ಆದ್ದರಿಂದ ಸ್ಲೈಡಿಗೆ ಕೈಹಾಕುವ ಮೊದಲು ಖರೀದಿ ವಿಭಾಗಕ್ಕೆ ಹೋಗಿ ಒಂದು ವಾರದ ನಿಜವಾದ ಬಿಲ್ಲುಗಳನ್ನು ಕೇಳಿ. ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಬದಲಿಸಿ. ತೂಕ, ದರ, ಮೊತ್ತ ಹಾಗೆಯೇ ಇರಲಿ. ಗೋಣಿಯ ತೂಕ ಕಳೆಯುವ ಸಾಲು ಬಿಲ್ಲಿನಲ್ಲಿದ್ದರೆ ಪರದೆಯಲ್ಲೂ ಬೇಕು, ಇಲ್ಲದಿದ್ದರೆ ಮೊತ್ತ ಕೂಡಿಬರುವುದಿಲ್ಲ. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆಯ ದರ್ಜೆಗಳನ್ನು ಕಂಪೆನಿಯ ರೇಟು ಬೋರ್ಡಿನಲ್ಲಿ ಯಾವ ಕ್ರಮದಲ್ಲಿ, ಯಾವ ಕಾಗುಣಿತದಲ್ಲಿ ಬರೆಯುತ್ತಾರೋ ಹಾಗೆಯೇ ಹಾಕಿ. ಅಕಾರಾದಿ ಕ್ರಮಕ್ಕೆ ಜೋಡಿಸುವ ಬುದ್ಧಿವಂತಿಕೆ ಬೇಡ. ನಮ್ಮಲ್ಲಿ ದರ ಹೇಳುವುದು ಕಿಲೋಗೆ, ಶಿವಮೊಗ್ಗದ ಕಡೆ ಕ್ವಿಂಟಲಿಗೆ. ಅಲ್ಲಿಯ ಯಾವುದೋ ಆ್ಯಪ್ ನೋಡಿ ನಕಲು ಮಾಡಿದ್ದರೆ ಇದೊಂದು ಉಳಿದುಕೊಂಡಿರುತ್ತದೆ. ದರದ ಪಕ್ಕ ತಾರೀಕು ಇರಲಿ, ಆಗ ‘ಇವತ್ತಿನದ್ದಲ್ಲವಲ್ಲ’ ಎಂಬ ಮಾತಿಗೆ ಜಾಗವಿಲ್ಲ. ಅಲ್ಪವಿರಾಮ 1,25,000 ಎಂದು ಬರಬೇಕು, 125,000 ಎಂದಲ್ಲ.

ಹೆಸರುಗಳ ವಿಷಯವೂ ಹೀಗೆಯೇ. ಮನೆತನದ ಹೆಸರು, ಇನಿಷಿಯಲ್, ಊರು ಎಲ್ಲ ಸೇರಿದ ಉದ್ದದ ಹೆಸರೊಂದನ್ನು ಬೇಕೆಂದೇ ಹಾಕಿ ನೋಡಿ. ‘ಕುಂಞಿ’ ಎಂದು ಬರೆದಾಗ ಞ ಸರಿಯಾಗಿ ಮೂಡುತ್ತದೋ ನೋಡಿ, ನಮ್ಮ ಜಿಲ್ಲೆಯಲ್ಲಿ ಆ ಅಕ್ಷರಕ್ಕೆ ಕೆಲಸ ಜಾಸ್ತಿ. ‘ರಾಷ್ಟ್ರೀಯ’ದಂಥ ಪದದಲ್ಲಿ ಒತ್ತಕ್ಷರ ಕೆಳಕ್ಕಿಳಿದು ಬಟನಿನ ಅಂಚಿಗೆ ಕತ್ತರಿಸಿಹೋಗುತ್ತದೆ, ಸಾಲಿನ ಎತ್ತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಾದರೂ ಇಡಿ. ಕನ್ನಡ, ಮಲಯಾಳಂ ಎರಡೂ ಬೇಕಾದ್ದರಿಂದ ‘ನೋಟೊ ಸಾನ್ಸ್’ ಅಥವಾ ‘ಅನೇಕ್’ನಂಥ, ಎರಡೂ ಲಿಪಿಗೆ ಜೋಡಿಯಾಗಿ ಬರುವ ಫಾಂಟ್ ಆರಿಸಿದರೆ ದಪ್ಪ ಹೊಂದುತ್ತದೆ. ಬಟನಿನ ಅಗಲವನ್ನು ಇಂಗ್ಲಿಷ್ ಪದಕ್ಕೆ ಅಳೆದು ಕಟ್ಟಿದ್ದರೆ ಮಲಯಾಳಂ ಹಾಕಿದ ಕೂಡಲೇ ಸಾಲು ಮುರಿಯುತ್ತದೆ. ಒಬ್ಬ ಡೈರೆಕ್ಟರ್ ಮಲಯಾಳಂ ಓದುವವರಾಗಿದ್ದು, ಅವರ ಪರದೆಯೇ ಒಡಕಲಾಗಿದ್ದರೆ ಒಂದು ವೋಟು ಹೋದಂತೆ.

ಇನ್ನು ಮೂರು ಡಿಸೈನ್. ಬೇಡ. ಮೂರು ಕೊಟ್ಟರೆ ಮೊದಲನೆಯದರ ಬಣ್ಣ, ಎರಡನೆಯದರ ಮೆನು, ಮೂರನೆಯದರ ಫೋಟೊ ಸೇರಿಸಿ ನಾಲ್ಕನೆಯದನ್ನು ಕೇಳುತ್ತಾರೆ, ಅದು ಯಾರಿಗೂ ಬೇಡದ್ದಾಗಿರುತ್ತದೆ. ಒಂದನ್ನೇ ತನ್ನಿ. ಬಿಟ್ಟದ್ದನ್ನು ಯಾಕೆ ಬಿಟ್ಟಿರಿ ಎಂಬ ಒಂದು ಪುಟ ಕಿಸೆಯಲ್ಲಿರಲಿ, ಕೇಳಿದರೆ ಮಾತ್ರ ತೆಗೆಯಿರಿ. ಮತ್ತು ಕೊನೆಯಲ್ಲಿ ‘ಹೇಗಿದೆ ಸರ್?’ ಎಂದು ಕೇಳಬೇಡಿ. ಅವರು ಮಾತ್ರ ನಿರ್ಧರಿಸಬಹುದಾದ ಒಂದೆರಡು ಪ್ರಶ್ನೆ ಇಡಿ: ಬೆಳೆಗಾರ ಅಂಗಡಿಗೆ ಬರುವ ಮೊದಲೇ ಆ್ಯಪಿನಲ್ಲಿ ಇವತ್ತಿನ ದರ ಕಾಣಬೇಕೇ? ಬೆಳಗ್ಗೆ ತೋರಿಸಿದ ದರಕ್ಕೆ ಸಂಜೆ ತಂದರೂ ಕೊಳ್ಳುತ್ತೀರಾ? ಇಂಥದ್ದಕ್ಕೆ ಉತ್ತರ ಸಿಕ್ಕಿದರೆ ಐದಾರು ಪರದೆ ತಾನಾಗಿ ಇತ್ಯರ್ಥವಾಗುತ್ತದೆ.

ಆ ಉತ್ತರವೂ ಮೀಟಿಂಗಿನಲ್ಲೇ ಹುಟ್ಟಲಿ ಎಂದು ಕಾಯಬಾರದು. ಅಕೌಂಟ್ಸ್ ನೋಡುವವರು, ಖರೀದಿ ಮ್ಯಾನೇಜರು, ಇಬ್ಬರನ್ನೂ ಎರಡು ಮೂರು ದಿನ ಮೊದಲೇ ಪ್ರತ್ಯೇಕವಾಗಿ ಕಂಡು ಹದಿನೈದು ನಿಮಿಷ ತೋರಿಸಿ. ‘ಇದು ಆಗುವುದಿಲ್ಲ’ ಎಂದು ಎಲ್ಲರೆದುರು ಹೇಳಿಬಿಟ್ಟವರು ಆಮೇಲೆ ಹಿಂದೆ ಸರಿಯುವುದು ಕಷ್ಟ. ತಮ್ಮ ಕೋಣೆಯಲ್ಲಿ ಹೇಳಿದರೆ ತಿದ್ದುಪಡಿಯೂ ಅವರೇ ಸೂಚಿಸುತ್ತಾರೆ.

ಅರ್ಧ ಗಂಟೆಯಲ್ಲಿ ನಿಮ್ಮ ಮಾತಿಗೆ ಹನ್ನೆರಡು ನಿಮಿಷ ಸಾಕು. ಎರಡು ನಿಮಿಷ ಈಗಿನ ತೊಂದರೆ ಏನು ಎಂದು, ಹತ್ತು ನಿಮಿಷ ಒಬ್ಬ ಬೆಳೆಗಾರ ಅಡಿಕೆ ತಂದಲ್ಲಿಂದ ದುಡ್ಡು ಖಾತೆಗೆ ಬೀಳುವವರೆಗೆ. ಮಿಕ್ಕದ್ದು ಅವರದ್ದು. ಸ್ಲೈಡ್ ನಾಲ್ಕಕ್ಕಿಂತ ಹೆಚ್ಚು ಯಾಕೆ ಬೇಕು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಭಾಷೆಯ ಚಿಂತೆ ಬಿಡಿ: ಅವರು ಕನ್ನಡದಲ್ಲಿ ಕೇಳಿದರೆ ಕನ್ನಡ, ತುಳುವಿನಲ್ಲಿ ಕೇಳಿದರೆ ತುಳು. ಎಂ.ಡಿ. ಇಂಗ್ಲಿಷಿಗೆ ತಿರುಗಿದರೆ ಆಗ ತಿರುಗಿ.

ಪ್ರೊಜೆಕ್ಟರನ್ನು ಹಿಂದಿನ ದಿನವೇ ಹಾಕಿ ನೋಡಿ, ಎಚ್‌ಡಿಎಂಐ ಕನ್ವರ್ಟರ್ ನಿಮ್ಮದೇ ಒಯ್ಯಿರಿ. ಕಿಟಕಿಯ ಬೆಳಕಿಗೆ ತೆಳು ಬೂದು ಅಕ್ಷರ ಪೂರಾ ಮಾಯವಾಗುತ್ತದೆ. ಬಿಳಿಯ ಮೇಲೆ #999999 ಎಂಬ ಬೂದು ಬಣ್ಣದ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಹೊಳಪಿನ ಅನುಪಾತ) 2.85:1 ಮಾತ್ರ, ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಬೇಕು, #767676ರಿಂದ ಕಪ್ಪಿನ ಕಡೆಗೆ ಹೋದರೆ ಅದು ಸಿಗುತ್ತದೆ. ಬಿಸಿಲಿನಲ್ಲಿ ಅಂಗಳದಲ್ಲಿ ನಿಂತು ಮೊಬೈಲ್ ನೋಡುವ ಬೆಳೆಗಾರನಿಗೂ ಇದೇ ತೊಂದರೆ, ಹಾಗಾಗಿ ಪ್ರೊಜೆಕ್ಟರಿಗೆಂದಲ್ಲ, ಡಿಸೈನಿನಲ್ಲೇ ತಿದ್ದಿ. ಮಳೆಗಾಲದಲ್ಲಿ ಕರೆಂಟು, ಇಂಟರ್ನೆಟ್ ಎರಡನ್ನೂ ನಂಬಬೇಡಿ. ಡಿಸೈನ್ ಸಾಫ್ಟ್‌ವೇರ್ ಫಿಗ್ಮಾದಲ್ಲಿ ಮಾಡಿದ ಪ್ರೊಟೊಟೈಪಿನ (ಒತ್ತಿ ನೋಡಬಹುದಾದ ಮಾದರಿಯ) ಸ್ಕ್ರೀನ್ ರೆಕಾರ್ಡಿಂಗ್ ಒಂದು, ಪಿಡಿಎಫ್ ಒಂದು ಲ್ಯಾಪ್‌ಟಾಪಿನಲ್ಲೇ ಇರಲಿ. ಡೈರೆಕ್ಟರ ಕೈಗೆ ಫೋನ್ ಕೊಡುವುದಾದರೆ ಫಿಗ್ಮಾದ ‘ಹಾಟ್‌ಸ್ಪಾಟ್ ಹಿಂಟ್’ ಆಫ್ ಮಾಡಿ. ಇಲ್ಲದಿದ್ದರೆ ಬೇರೆಲ್ಲೋ ಒತ್ತಿದಾಗಲೆಲ್ಲ ನೀಲಿ ಚೌಕ ಮಿನುಗಿ, ಆ್ಯಪೇ ಹಾಳಾಗಿದೆ ಎಂದುಕೊಳ್ಳುತ್ತಾರೆ.

ಅದೇ ದಿನ ಸಂಜೆಯೊಳಗೆ ಏನು ತೀರ್ಮಾನವಾಯಿತು, ಏನು ಬಾಕಿ, ಯಾರು ಯಾವ ತಾರೀಕಿಗೆ ಹೇಳಬೇಕು ಎಂದು ಬರೆದು ಕಳಿಸಿ. ಮೇಲ್ ಯಾರೂ ತೆರೆಯುವುದಿಲ್ಲ, ವಾಟ್ಸ್ಆ್ಯಪಿಗೇ ಹಾಕಿ. ಪರದೆಗಳನ್ನು ಫೋಟೊ ಆಗಿ ಹಾಕಿದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ, ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿಯೇ ಕಳಿಸಿ.