ಪರಿಸರ ಕಾಪಾಡೋದ್ರಲ್ಲಿ ಸ್ಥಳೀಯ ಸಂಸ್ಥೆಗಳ ಪಾತ್ರ ಏನು?

ಕಾನೂನೆಲ್ಲಾ ಮೇಲಿನ ಸರ್ಕಾರನೇ ಮಾಡುತ್ತಲ್ಲ, ಪಂಚಾಯ್ತಿ ಮುನಿಸಿಪಾಲಿಟಿಗೆ ಏನ್ ಕೆಲಸ ಅಂತ ಕೇಳಿದೀರ. ನಿಜ ಹೇಳ್ಬೇಕಂದ್ರೆ ಕಾನೂನು ಇರೋದು ಪೇಪರಲ್ಲಿ, ಕಸ ಬೀಳೋದು ಬೀದಿಲಿ, ಆ ಬೀದಿ ಇವರದ್ದೇ.

ಕಸಾನೇ ತಗೊಳ್ಳಿ. ಒಂದು ಒಣ ರಟ್ಟು ರೀಸೈಕಲ್ ಆಗುತ್ತೆ, ಅದೇ ರಟ್ಟಿಗೆ ಎಂಜಲು ಎಣ್ಣೆ ಹತ್ತಿದ್ರೆ ಯಾರೂ ಮುಟ್ಟಲ್ಲ, ಸೀದಾ ಕಸದ ಗುಡ್ಡೆಗೆ ಹೋಗುತ್ತೆ, ಅಲ್ಲಿ ಹಸಿ ಕಸ ಗಾಳಿ ಇಲ್ದೆ ಕೊಳೆತು ಮೀಥೇನ್ ಅನ್ನೋ, ಭೂಮಿ ಬಿಸಿ ಮಾಡೋ ಗ್ಯಾಸ್ ಬಿಡುತ್ತೆ. ಅಂದ್ರೆ ಮನೆ ಬಾಗಿಲಲ್ಲಿ ಬೇರೆ ಬೇರೆ ಮಾಡಿಸ್ಕೊಂಡು, ಬೇರೆ ಬೇರೆ ಗಾಡಿಲೇ ಒಯ್ಯಬೇಕು (ಒಂದೇ ಗಾಡಿಗೆ ಸುರಿದ್ರೆ ಜನ ಎರಡನೇ ದಿನಾನೇ ಬಿಟ್ಬಿಡ್ತಾರೆ).

ಆದ್ರೆ ನನ್ ಪ್ರಕಾರ ಅವರ ಕೈಲಿರೋ ದೊಡ್ಡ ಅಸ್ತ್ರ ಕಸದ್ದಲ್ಲ, ಜಾಗದ್ದು. ಎಷ್ಟೋ ದೇಶಗಳಲ್ಲಿ ಎಲ್ಲಿ ಏನ್ ಕಟ್ಬಹುದು ಅಂತ ಪ್ಲಾನ್‌ಗೆ ಸೈನ್ ಹಾಕೋರು ಇವರೇ, ಜೌಗು ಭೂಮಿ ಮೇಲೆ ಒಂದ್ಸಲ ಬಿಲ್ಡಿಂಗ್ ಎದ್ರೆ ಮಳೆ ನೀರು ಬೇರೆ ಕಡೆ ನುಗ್ಗುತ್ತೆ, ಆಮೇಲೆ ಯಾವ ಕಾನೂನೂ ಅದನ್ನ ವಾಪಸ್ ತರಲ್ಲ.

ಒಳ್ಳೆ ಉದಾಹರಣೆ ನ್ಯೂಯಾರ್ಕ್ ನಗರ. ನೂರಾರು ಕೋಟಿ ಡಾಲರ್ ಸುರಿದು ಕುಡಿಯೋ ನೀರಿಗೆ ಫಿಲ್ಟರ್ ಪ್ಲಾಂಟ್ ಕಟ್ಟೋ ಬದ್ಲು, 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟದ ಕಡೆ ಊರುಗಳ ಜೊತೆ ಒಪ್ಪಂದ ಮಾಡ್ಕೊಂಡು, ಅಲ್ಲಿನ ಜಮೀನು ಕೊಂಡು, ರೈತರಿಗೆ ದುಡ್ಡು ಕೊಟ್ಟು, ನೀರು ಹುಟ್ಟೋ ಜಾಗಾನೇ ಕ್ಲೀನಾಗಿಟ್ಟರು. ಸ್ಯಾನ್ ಫ್ರಾನ್ಸಿಸ್ಕೋನೂ ಅಷ್ಟೇ, ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಪ್ಲಾಸ್ಟಿಕ್ ಬ್ಯಾಗ್ ಬ್ಯಾನ್ ಮಾಡಿದ್ದು 2007ರಲ್ಲಿ, ರಾಜ್ಯದ ಕಾನೂನು ಬರೋಕೂ ಮುಂಚೆ.

ತೊಂದ್ರೆ ಏನಪ್ಪಾ ಅಂದ್ರೆ ದುಡ್ಡು ಕಮ್ಮಿ, ಸ್ಟಾಫ್ ಕಮ್ಮಿ, ಮೇಲಾಗಿ ನದಿ, ಹೊಗೆ ಯಾವ್ದೂ ಊರಿನ ಗಡಿ ನೋಡಲ್ಲ, ಮೇಲಿನೂರು ಕೊಳಚೆ ಬಿಟ್ರೆ ಕೆಳಗಿನೂರು ಎಷ್ಟೇ ಒದ್ದಾಡಿದ್ರೂ ಅಷ್ಟೇ. ಅಲ್ಲಿ ಮಾತ್ರ ಮೇಲಿನ ಸರ್ಕಾರ ಬರ್ಲೇಬೇಕು.