ಕೊತ್ತಂಬರಿಯೂ ಹೊತ್ತಗೆಯೂ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ನಾವು ಕಾಳಿಗೆ ಹವೀಜ ಎನ್ನುವವರು. ಮೈಸೂರು ಕಡೆಯಿಂದ ಬಂದ ಸೊಸೆ ಧನಿಯ ಎನ್ನುತ್ತಾಳೆ. ಸೊಪ್ಪಿಗೆ ಮಾತ್ರ ಇಬ್ಬರ ಬಾಯಲ್ಲೂ ಕೊತ್ತಂಬರಿಯೇ. ಈ ಹೆಸರಿನ ಅರ್ಥವೇನು? ಅದರೊಳಗೆ ಅಂಬಾರಿ ಇದೆಯೆಂದು ಮೊಮ್ಮಗ ಹಟ ಹಿಡಿದಿದ್ದಾನೆ. ಧನಿಯ ಎಂಬುದು ಹಿಂದಿಯ ಮಾತಲ್ಲವೇ?”

ಸಂಪಾದಕರ ಉತ್ತರ:

ಮಾನ್ಯರೇ, ಮೊಮ್ಮಗನ ಅಂಬಾರಿಯನ್ನು ಮೊದಲು ಕೆಳಗಿಳಿಸೋಣ. ಕೊತ್ತ, ಅಂಬರಿ ಎಂದು ಒಡೆದರೆ ಏನೂ ಸಿಗುವುದಿಲ್ಲ. ಅದು ಇಡಿಯಾಗಿ ಒಂದೇ ಪದ. ಸಂಸ್ಕೃತದ ‘ಕುಸ್ತುಂಬುರು’ ಪ್ರಾಕೃತದ ಹಾದಿಯಲ್ಲಿ ನಮ್ಮಲ್ಲಿಗೆ ಬಂದು ಕೊತ್ತಂಬರಿಯಾಗಿದೆ. ನಂಬುವುದು ಕಷ್ಟವೆನಿಸಿದರೆ ‘ಪುಸ್ತಕ’ವನ್ನು ನೆನೆಯಿರಿ. ಅದು ಕನ್ನಡದಲ್ಲಿ ಪೊತ್ತಗೆಯಾಗಿ, ಆಮೇಲೆ ಹೊತ್ತಗೆಯಾಯಿತು. ಅಲ್ಲಿ ಪು ಹೋಗಿ ಪೊ ಬಂದಂತೆ ಇಲ್ಲಿ ಕು ಹೋಗಿ ಕೊ ಬಂತು. ಎರಡರಲ್ಲೂ ‘ಸ್ತ’ ಕರಗಿ ‘ತ್ತ’ ಆಯಿತು. ಕೊತ್ತುಂಬರಿ ಎನ್ನುವವರು ಈಗಲೂ ಇದ್ದಾರೆ. ದಯವಿಟ್ಟು ಅವರನ್ನು ತಿದ್ದಬೇಡಿ, ಮೂಲದ ಉಕಾರವೊಂದು ಅವರ ಬಾಯಲ್ಲಿ ಉಳಿದುಕೊಂಡಿದೆ. ತೆಲುಗಿನ ಕೊತ್ತಿಮೀರ, ಮರಾಠಿಯ ಕೋಥಿಂಬೀರ್ ಇದರ ಒಡಹುಟ್ಟುಗಳು.

ಈ ಸೊಪ್ಪಿಗಾಗಿ ಪಾಣಿನಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಅವನ ಸಂಸ್ಕೃತ ವ್ಯಾಕರಣಗ್ರಂಥ ಅಷ್ಟಾಧ್ಯಾಯಿಯ 6.1.143ನೆಯ ಸೂತ್ರ: ‘ಕುಸ್ತುಂಬುರೂಣಿ ಜಾತಿಃ’. ಗಿಡದ ಜಾತಿಯನ್ನು ಹೇಳುವಾಗ ನಡುವೆ ಸಕಾರ ಬರುತ್ತದೆ ಎಂದು ತಾತ್ಪರ್ಯ. ಸಕಾರವಿಲ್ಲದ ‘ಕುತುಂಬುರು’ ಎಂದರೆ ಕೆಟ್ಟ ತುಂಬುರು ಹಣ್ಣು ಎಂದು ಆ ಗ್ರಂಥದ ಹಳೆಯ ವ್ಯಾಖ್ಯಾನವಾದ ಕಾಶಿಕಾವೃತ್ತಿ ಬಿಡಿಸಿ ಹೇಳುತ್ತದೆ. ಅಂದರೆ ಪದವನ್ನು ಬಿಡಿಸಿ ಅರ್ಥ ಹುಡುಕಹೊರಟರೆ ಕೊತ್ತಂಬರಿಯೇ ಕೈತಪ್ಪಿ ಹೋಗುತ್ತದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹಳೆಯ ಉತ್ತರವನ್ನು ನಾನು ಕೊಡಲಾರೆ.

ಇನ್ನು ಧನಿಯ. ಹಿಂದಿಯಲ್ಲೂ ಅದು ಇದೆ, ನಿಜ. ಆದರೆ ಬೇರು ಸಂಸ್ಕೃತದ ‘ಧಾನ್ಯಾಕ’. ಒಳಗಿರುವುದು ನಮಗೆಲ್ಲ ಗೊತ್ತಿರುವ ಧಾನ್ಯವೇ. ಕಾಳನ್ನು ನೋಡಿ ಇಟ್ಟ ಹೆಸರು. ಸೊಸೆಯ ಮಾತು ತಪ್ಪಲ್ಲ, ನಿಮ್ಮ ಹವೀಜವನ್ನೂ ಬಿಡಬೇಡಿ.

ಸಂಸ್ಕೃತದ ಹಳೆಯ ನಿಘಂಟು ಅಮರಕೋಶವು ಕುಸ್ತುಂಬುರು, ಧಾನ್ಯಾಕಗಳ ಜೊತೆಗೆ ‘ಛತ್ರಾ’, ಅಂದರೆ ಕೊಡೆಯಂಥದು, ಎಂಬ ಹೆಸರನ್ನೂ ಕೊಡುತ್ತದೆ. ಮಾರುಕಟ್ಟೆಯ ಕಟ್ಟನ್ನಷ್ಟೇ ಕಂಡವರಿಗೆ ಇದು ಹೊಳೆಯುವುದಿಲ್ಲ. ಗಿಡವನ್ನು ಬಲಿಯಲು ಬಿಟ್ಟರೆ ದಂಟು ಎತ್ತರಕ್ಕೆ ಏಳುತ್ತದೆ, ಎಲೆಗಳು ದಾರದಂತೆ ಸಣ್ಣಗಾಗುತ್ತವೆ. ತುದಿಯ ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ಎಳೆಗಳು ಹರಡಿ, ಅವುಗಳ ಕೊನೆಯಲ್ಲಿ ನಸುಗೆಂಪು ಬೆರೆತ ಬಿಳಿ ಹೂಗಳು ಅರಳುತ್ತವೆ. ಜೀರಿಗೆ, ಸಬ್ಬಸಿಗೆಗಳದೂ ಇದೇ ಕುಲ, ಇದೇ ಬಗೆಯ ಹೂಗೊಂಚಲು.

ಒಂದು ಹಿಡಿ ಹವೀಜವನ್ನು ಅಂಗೈಗಳ ನಡುವೆ ಮೆಲ್ಲಗೆ ಉಜ್ಜಿ. ಒಂದೊಂದು ಕಾಳೂ ಎರಡು ಹೋಳಾಗುತ್ತದೆ. ಹೋಳು ಹೋಳಿನಲ್ಲೂ ಒಂದೊಂದು ಬೀಜ. ಅವನ್ನು ಕುಂಡದಲ್ಲಿ ಬಿತ್ತಿ, ನಾಲ್ಕು ಗಿಡಗಳನ್ನಾದರೂ ಸಾರಿಗೆ ಕೀಳದೆ ಹೂವಿಗೆ ಬಿಡಿ. ಅಂಬಾರಿ ಸಿಗದ ಮೊಮ್ಮಗನಿಗೆ ಕೊಡೆಯಾದರೂ ಸಿಗಲಿ.