‘ಸ್ಟೇರಿಂಗ್ ಹಿಡಿದಾಗ ಮಾತ್ರ ನಂದೇ ಮಾತು’: ವೇಗದ ಕಿಕ್‌ಗೆ ಬಿದ್ದ ಒಬ್ಬರ ಪ್ರಕರಣ

ಸುರೇಶ್ ಅಂತ ಇಟ್ಟುಕೊಳ್ಳೋಣ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬೆಂಗಳೂರಿನವರು, ಮೂವತ್ತು ದಾಟಿದೆ, ತಂದೆಯ ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಾರೆ. ಹೆಂಡತಿ ಇದ್ದಾರೆ, ಇನ್ನೂ ಶಾಲೆಗೆ ಸೇರದ ಮಗ ಇದ್ದಾನೆ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಆದರೆ ವಾರದಲ್ಲಿ ಎರಡು ಮೂರು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ಸದ್ದಿಲ್ಲದೆ ಕಾರು ತೆಗೆದು ಏರ್‌ಪೋರ್ಟ್ ರಸ್ತೆಗೆ ಹೋಗುತ್ತಾರೆ. ಹೆಬ್ಬಾಳ ದಾಟಿದ ಮೇಲೆ ಗೆಳೆಯರು ಸಿಗುತ್ತಾರೆ. ಎರಡು ಕಾರು ಪಕ್ಕಪಕ್ಕದಲ್ಲಿ ಒಂದೇ ವೇಗಕ್ಕೆ ಬರುತ್ತವೆ, ಮೂರು ಸಲ ಹಾರ್ನ್, ಮೂರನೆಯದಕ್ಕೆ ಆಕ್ಸಿಲರೇಟರ್ ಪೂರ್ತಿ ಒತ್ತುವುದು. ಇದಕ್ಕೆ ಅವರು ‘ಪುಲ್’ ಅಂತಾರೆ. ಹೆಂಡತಿಗೆ ಗೊತ್ತಿದ್ದದ್ದು ಇಷ್ಟೇ, ಗೆಳೆಯರ ಜೊತೆ ಟೀ ಕುಡಿಯೋಕೆ ಹೋಗ್ತಾರೆ.

ಅವರನ್ನು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆತಂದದ್ದು ಹೆಂಡತಿಯೇ. ಒಂದು ಭಾನುವಾರ ಮೂವರೂ ನಂದಿ ಬೆಟ್ಟಕ್ಕೆ ಹೊರಟಿದ್ದರು. ದಾರಿಯಲ್ಲಿ ಯಾರೋ ಇವರನ್ನು ಓವರ್‌ಟೇಕ್ ಮಾಡಿ ಒಂದು ಸಲ ಲೈಟ್ ಮಿಂಚಿಸಿದರಂತೆ. ಅಷ್ಟೇ ಸಾಕಾಯಿತು. ಮುಳ್ಳು 160 ದಾಟಿದಾಗ ಆಕೆ ಕಿರುಚುತ್ತಿದ್ದರು, ಹಿಂದಿನ ಸೀಟಿನಲ್ಲಿ ಮಗ ಚಪ್ಪಾಳೆ ತಟ್ಟುತ್ತಾ ‘ಅಪ್ಪಾ, ಇನ್ನೂ ಜೋರು’ ಅನ್ನುತ್ತಿದ್ದ. ಇದನ್ನು ಹೇಳುವಾಗ ಆಕೆ ಅಳಲಿಲ್ಲ. ‘ಅವತ್ತು ಇವರಿಗೆ ನಾವಿಬ್ಬರು ಕಾರಲ್ಲಿ ಇದ್ದೀವಿ ಅನ್ನೋದೇ ಮರೆತು ಹೋಗಿತ್ತು’ ಅಂದರು.

ಸುರೇಶ್ ಒಬ್ಬರೇ ಕೂತಾಗ ಮೊದಮೊದಲು ಮಾತೇ ಇಲ್ಲ. ಕಾರಿನ ಬಗ್ಗೆ ಕೇಳಿದೆ ನೋಡಿ, ಮುಖವೇ ಬದಲಾಯಿತು. ಇಂಜಿನ್ ರೀಮ್ಯಾಪ್ ಮಾಡಿಸಿದ್ದು (ಜಾಸ್ತಿ ಪವರ್ ಬರಲಿ ಅಂತ ಇಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವುದು), ಎಕ್ಸಾಸ್ಟ್ ಬದಲಿಸಿದ್ದು, ಟರ್ಬೊ ಎದ್ದಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುವುದು, ಎಲ್ಲ ಹೇಳುತ್ತಾ ಹೋದರು. ಹೇಳುವಾಗ ಅವರ ಬಲಗಾಲು ನನ್ನ ಕೋಣೆಯ ನೆಲವನ್ನು ಒತ್ತುತ್ತಿತ್ತು. ಹಿಮ್ಮಡಿ ಊರಿ, ಮುಂಗಾಲು ಮೆಲ್ಲಗೆ ಕೆಳಗೆ. ಅದು ಅವರ ಗಮನಕ್ಕೇ ಬಂದಿರಲಿಲ್ಲ. ಪುಲ್ ಮುಗಿದ ಮೇಲೆ ಏನಾಗುತ್ತೆ ಅಂತ ಕೇಳಿದೆ. ಬಾಯಿ ಒಣಗುತ್ತೆ, ಟೀ ಗ್ಲಾಸ್ ಹಿಡಿದ ಕೈ ನಡುಗುತ್ತೆ, ಮನೆಗೆ ಬಂದರೆ ಬೆಳಗಿನ ಜಾವದವರೆಗೂ ನಿದ್ದೆ ಇಲ್ಲ. ‘ಆದ್ರೆ ಮೇಡಂ, ಆ ಹತ್ತು ನಿಮಿಷ ತಲೆ ಪೂರ್ತಿ ಖಾಲಿ. ಅಷ್ಟು ನೆಮ್ಮದಿ ಬೇರೆಲ್ಲೂ ಸಿಗಲ್ಲ.’

ಇದು ಬರೀ ಹುಡುಗಾಟ ಅಂತ ತಳ್ಳಿಹಾಕುವ ಮಾತಲ್ಲ. ಅಪಾಯ ಕಂಡ ಕೂಡಲೇ ಮೂತ್ರಪಿಂಡದ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತೆ, ರಕ್ತ ಕೈಕಾಲಿನ ಸ್ನಾಯುಗಳಿಗೆ ನುಗ್ಗುತ್ತೆ, ಕಣ್ಣಿನ ಪಾಪೆ ಅಗಲವಾಗುತ್ತೆ. ಗಮನವೆಲ್ಲ ಎದುರಿಗಿರುವ ಒಂದೇ ವಿಷಯಕ್ಕೆ ಅಂಟಿಕೊಳ್ಳುತ್ತೆ, ಹಾಗಾಗಿ ಸಾಲ, ಜಗಳ, ನಾಳೆಯ ಚಿಂತೆ ಯಾವುದಕ್ಕೂ ತಲೆಯಲ್ಲಿ ಜಾಗ ಇರಲ್ಲ. ಸುರೇಶ್ ನೆಮ್ಮದಿ ಅಂದದ್ದು ಇದನ್ನೇ. ಅಪಾಯ ತಪ್ಪಿದಾಗ ಮೆದುಳು ಅದನ್ನು ಗೆಲುವು ಅಂತ ನೆನಪಿಟ್ಟುಕೊಂಡು ಮತ್ತೆ ಕೇಳುತ್ತೆ. ಮೊದಲು 120ಕ್ಕೆ ಸಿಗುತ್ತಿದ್ದ ಕಿಕ್ ಈಗ 180ಕ್ಕೆ ಬೇಕು.

ಅವರ ಒಂದು ನಂಬಿಕೆಯನ್ನು ಮಾತ್ರ ನಾನು ಅಲ್ಲೇ ನೇರವಾಗಿ ಒಪ್ಪಲಿಲ್ಲ. ‘ಆ ವೇಗದಲ್ಲಿ ನಂಗೆ ಎಲ್ಲಾ ಸ್ಲೋ ಮೋಷನ್‌ನಲ್ಲಿ ಕಾಣುತ್ತೆ, ಯಾರಾದ್ರೂ ಅಡ್ಡ ಬಂದ್ರೆ ನಂಗೆ ಟೈಮ್ ಸಿಗುತ್ತೆ’ ಅನ್ನುತ್ತಿದ್ದರು. ಅಮೆರಿಕದ ವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. 31 ಮೀಟರ್ ಎತ್ತರದಿಂದ ಜನರನ್ನು ಬೆನ್ನಡಿಯಾಗಿ ಬಲೆಗೆ ಬೀಳಿಸಿದರು. ಮಣಿಕಟ್ಟಿಗೆ ಒಂದು ಯಂತ್ರ ಕಟ್ಟಿ, ಮಾಮೂಲಿ ಕಣ್ಣಿಗೆ ಓದಲಾಗದಷ್ಟು ವೇಗವಾಗಿ ಅಂಕಿಗಳನ್ನು ಮಿನುಗಿಸಿದರು. ನಿಜವಾಗಿ ಸಮಯ ನಿಧಾನವಾಗುವುದಾದರೆ ಆ ಅಂಕಿಗಳು ಓದಲು ಸಿಗಬೇಕಿತ್ತು, ಅಲ್ವಾ? ಸಿಗಲಿಲ್ಲ. ಆದರೆ ಆಮೇಲೆ ಕೇಳಿದರೆ, ಬೇರೆಯವರು ಬೀಳುವುದನ್ನು ನೋಡಿದ್ದಕ್ಕಿಂತ ತಾವು ಬಿದ್ದದ್ದು ಸರಾಸರಿ ಜಾಸ್ತಿ ಹೊತ್ತು ಅಂತ ಅವರಿಗೆ ಅನಿಸಿತ್ತು. ಅಂದರೆ ನೆನಪು ಉದ್ದವಾಗುತ್ತೆ, ಕಣ್ಣು ಚುರುಕಾಗಲ್ಲ. ಸುರೇಶ್ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತರು.

ಆಮೇಲೆ ಒಂದು ಹಾಳೆ ಕೊಟ್ಟು ಅವರ ಕೈಯಲ್ಲೇ ಲೆಕ್ಕ ಮಾಡಿಸಿದೆ. ವ್ಯಾಪಾರಸ್ಥರು, ಲೆಕ್ಕ ಸುಳ್ಳು ಹೇಳಲ್ಲ ಅಂತ ನಂಬುವವರು. 80ರ ವೇಗದಲ್ಲಿ ಸೆಕೆಂಡಿಗೆ 22 ಮೀಟರ್. 160ರಲ್ಲಿ 44. ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿತು ಅನ್ನಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಕಾರು ಓಡುವ ದೂರ ನಾಲ್ಕು ಪಟ್ಟು. ಒಣ ರಸ್ತೆ, ಒಳ್ಳೆ ಟೈರ್ ಇದ್ದರೂ 80ಕ್ಕೆ ಒಟ್ಟು ಸುಮಾರು 50 ಮೀಟರ್‌ನಲ್ಲಿ ನಿಲ್ಲುವ ಗಾಡಿಗೆ 160ರಲ್ಲಿ 150 ಮೀಟರ್‌ಗಿಂತ ಜಾಸ್ತಿ ಬೇಕು. ಹೆಡ್‌ಲೈಟಿನ ಲೋ ಬೀಮ್ ಅಷ್ಟು ದೂರ ಬೆಳಕು ಹಾಯಿಸುವುದೇ ಇಲ್ಲ. ರಾತ್ರಿ ಪಾಳಿ ಮುಗಿಸಿ ರಸ್ತೆ ದಾಟುವವನಿಗೆ ಈ ರೇಸ್ ಬಗ್ಗೆ ಗೊತ್ತಿಲ್ಲ, ಅವನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಕಾನೂನಿನ ವಿಷಯವನ್ನೂ ಮುಚ್ಚಿಡಲಿಲ್ಲ: ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಆಗಬಹುದು. ಯಾರಾದರೂ ಸತ್ತರೆ ಅದು ಬೇರೆಯೇ ಕೇಸು.

ಆದರೆ ಭಯ ಹುಟ್ಟಿಸಿ ಈ ಚಟ ಬಿಡಿಸಲು ಆಗಲ್ಲ. ಭಯವೇ ಅವರಿಗೆ ಬೇಕಾದ ವಸ್ತು.

ಹಾಗಾಗಿ ಒಂದು ನೋಟ್‌ಬುಕ್ ಇಡಲು ಹೇಳಿದೆ. ಕಾರು ತೆಗೆಯಬೇಕು ಅನಿಸಿದ ಕೂಡಲೇ ಅವತ್ತು ಹಗಲು ಏನಾಯಿತು ಅಂತ ಬರೆಯಬೇಕು, ಬರೆದು ಇಪ್ಪತ್ತು ನಿಮಿಷ ಕಾಯಬೇಕು. ತುಡಿತ ಏರಿ, ಒಂದು ಮಟ್ಟಕ್ಕೆ ಹೋಗಿ, ತಾನೇ ಇಳಿಯುತ್ತೆ. ಇಳಿಯುವವರೆಗೆ ತಡೆಯುವುದಷ್ಟೇ ಕೆಲಸ. ಕೀ ರಾತ್ರಿ ಹೆಂಡತಿ ಹತ್ತಿರ. ರಾತ್ರಿಯ ವಾಟ್ಸಾಪ್ ಗ್ರೂಪಿನಿಂದ ಹೊರಗೆ. ರೀಮ್ಯಾಪ್ ತೆಗೆಸಿ ಇಂಜಿನ್ ಮೊದಲಿನಂತೆ ಮಾಡಿಸುವುದು, ಇದಕ್ಕೆ ಮಾತ್ರ ತುಂಬಾ ದಿನ ಎಳೆದಾಡಿದರು. ಕಾರು ಮಾರಿಬಿಡಿ ಅಂತ ಮನೆಯವರ ಒತ್ತಾಯ ಇತ್ತು, ನಾನು ಬೇಡ ಅಂದೆ. ಇಂಥವರು ಕಾರು ಮಾರಿದ ವಾರವೇ ಗೆಳೆಯನ ಕಾರು ಕೇಳುವುದನ್ನು ನೋಡಿದ್ದೇನೆ.

ಆ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು: ‘ಮೊರ್ಬಿಯಿಂದ ಟೈಲ್ಸ್ ಲೋಡ್ ತರಿಸೋದು ಈ ತಿಂಗಳು ಬೇಡ ಅಂದೆ. ಅಪ್ಪ ಗಿರಾಕಿ ಮುಂದೆಯೇ ನಿಂಗೇನು ಗೊತ್ತು ಅಂದ್ರು. 12.40ಕ್ಕೆ ಕೀ ಹುಡುಕ್ತಾ ಇದ್ದೆ.’ ಇನ್ನೊಂದು ಪುಟದಲ್ಲಿ ಒಬ್ಬ ಹುಡುಗನಿಗೆ ಸಂಬಳ ಜಾಸ್ತಿ ಮಾಡಿದ್ದು, ಅಪ್ಪ ಅದನ್ನು ಸಂಜೆಯೊಳಗೆ ರದ್ದು ಮಾಡಿದ್ದು. ಪುಟ ತಿರುಗಿಸಿದಂತೆಲ್ಲ ಇದೇ. ಅಂಗಡಿಯಲ್ಲಿ ಇಷ್ಟು ವರ್ಷ ದುಡಿದರೂ ಒಂದು ಬಿಲ್ಲಿಗೆ ಸಹಿ ಹಾಕುವ ಅಧಿಕಾರ ಇಲ್ಲ. ‘ಸ್ಟೇರಿಂಗ್ ಹಿಡಿದಾಗ ಮಾತ್ರ ನಂದೇ ಮಾತು ನಡೆಯುತ್ತೆ’ ಅಂತ ಅವರೇ ಹೇಳಿದರು. ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಬಿಚ್ಚಿದ್ದು ಅಲ್ಲಿ.

ತಂದೆಯನ್ನು ಕರೆಸಿದೆ. ‘ಇವನ ಕಾರು ಹುಚ್ಚಿಗೂ ನನಗೂ ಏನು ಸಂಬಂಧ’ ಅಂತಲೇ ಬಂದರು. ನೋಟ್‌ಬುಕ್ ಓದಿ ಹೇಳಲು ಸುರೇಶ್ ಒಪ್ಪಿದ್ದರು, ಓದಿದರು. ಕೊನೆಗೆ ಬಾತ್‌ರೂಮ್ ಫಿಟ್ಟಿಂಗ್ಸ್ ವಿಭಾಗವನ್ನು, ಖರೀದಿಯಿಂದ ವಸೂಲಿವರೆಗೆ, ಪೂರ್ತಿ ಮಗನಿಗೆ ಬಿಡುವುದು, ನಷ್ಟವಾದರೂ ಗಿರಾಕಿ ಮುಂದೆ ಏನೂ ಅನ್ನಬಾರದು ಅಂತ ಒಪ್ಪಂದ ಆಯಿತು. ಹಿರಿಯರಿಗೆ ಇದು ಸುಲಭ ಇರಲಿಲ್ಲ, ಆ ಅಂಗಡಿಯನ್ನು ಒಂದೊಂದೇ ಬಾಕ್ಸ್ ಪೇರಿಸಿ ಕಟ್ಟಿದವರು ಅವರು.

ಇನ್ನೊಂದನ್ನು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದ್ದೆ: ‘ಸತ್ತರೆ ಸಾಯ್ಲಿ ಅಂತ ಅನಿಸುತ್ತಾ?’ ಇಲ್ಲ ಅಂದರು, ನಂಬಿದೆ. ಹೌದು ಅಂದಿದ್ದರೆ ದಾರಿಯೇ ಬೇರೆ ಇತ್ತು, ಆಗ ಮನೋವೈದ್ಯರನ್ನು ತಡಮಾಡದೆ ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವೇಗದ ಹುಚ್ಚಿನ ಹಿಂದೆ ಕೆಲವೊಮ್ಮೆ ಆ ಯೋಚನೆ ಅಡಗಿರಬಹುದು, ಕೇಳಲು ಮನೆಯವರು ಹಿಂಜರಿಯಬಾರದು.

ಟ್ರ್ಯಾಕ್ ವಿಷಯವನ್ನು ನಾನು ಬೇಕೆಂದೇ ತಡವಾಗಿ ತೆಗೆದೆ. ರಾತ್ರಿ ಓಟ ನಿಲ್ಲುವ ಮೊದಲೇ ಹೇಳಿದ್ದರೆ ಎರಡೂ ನಡೆಯುತ್ತಿತ್ತು. ಚೆನ್ನೈ ಹತ್ತಿರ ಇರುಂಗಾಟುಕೋಟೈನಲ್ಲಿ 3.7 ಕಿ.ಮೀ. ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಹೆಲ್ಮೆಟ್ ಇರುತ್ತೆ, ಬಾವುಟ ಹಿಡಿದ ಮಾರ್ಷಲ್‌ಗಳಿರುತ್ತಾರೆ, ಆಂಬುಲೆನ್ಸ್ ಕಾಯುತ್ತಿರುತ್ತೆ. ಸುರೇಶ್ ಚೆನ್ನೈಗೆ ಹೋಗಿ ಬಂದರು. ‘ನಾನು ಎಷ್ಟು ಸ್ಲೋ ಅಂತ ಅಲ್ಲಿ ಗೊತ್ತಾಯ್ತು. ನೇರ ರಸ್ತೆಯಲ್ಲಿ ಒತ್ತೋದು ಯಾರಿಗೂ ಬರುತ್ತೆ, ತಿರುವಲ್ಲಿ ಬ್ರೇಕ್ ಹಿಡಿಯೋದೇ ವಿದ್ಯೆ’ ಅಂದರು. ನನ್ನ ಷರತ್ತು ಒಂದಿತ್ತು, ಟ್ರ್ಯಾಕ್‌ನಿಂದ ಬರುವಾಗ ಅವರು ಸ್ಟೇರಿಂಗ್ ಹಿಡಿಯಬಾರದು. ಜೋರಾಗಿ ಓಡಿಸಿದ ಮೇಲೆ ಹೆದ್ದಾರಿಯ 100 ತೆವಳಿದಂತೆ ಅನಿಸುತ್ತೆ, ಕಣ್ಣು ವೇಗಕ್ಕೆ ಹೊಂದಿಕೊಂಡಿರುತ್ತೆ. ಹೆಂಡತಿ ಓಡಿಸಿಕೊಂಡು ಬಂದರು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಮಧ್ಯೆ ಒಂದು ರಾತ್ರಿ ಜಾರಿದ್ದರು, ಮರುದಿನ ಹೆಂಡತಿಗೆ ತಾವೇ ಹೇಳಿದರು, ಮುಚ್ಚಿಡಲಿಲ್ಲ ಅನ್ನುವುದು ನನಗೆ ದೊಡ್ಡದು. ತಂದೆ ಒಪ್ಪಂದ ಮುರಿದಾಗ ಸುರೇಶ್ ಅವರನ್ನು ಗೋಡೌನ್‌ಗೆ ಕರೆದು ಎದುರಿಗೇ ಹೇಳಿದ್ದಾರೆ. ಹೊಸ ಆಸೆ ಒಂದು ಹುಟ್ಟಿದೆ, ದೇಶದ ಮೋಟಾರ್ ರೇಸಿಂಗ್ ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ತೆಗೆದು ಸರಿಯಾದ ರೇಸಿಗೆ ಇಳಿಯಬೇಕು ಅಂತ. ನಾನು ಹೂಂ ಅಂತಲೂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಟೈರ್, ಬ್ರೇಕ್ ಪ್ಯಾಡ್, ಎಂಟ್ರಿ ಫೀಸು ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತೆ ಅಂತ ಗಂಡ ಹೆಂಡತಿ ಇಬ್ಬರೂ ಕೂತು ಲೆಕ್ಕ ಹಾಕಿ ಮುಂದಿನ ಸಲ ತನ್ನಿ ಅಂದಿದ್ದೇನೆ.